ರೊಟ್ಟಿಯೊಳಗಿನ ಜಿಗಿ

ತಂಗಿಯನ್ನು ಹೆರಿಗೆಗೆ ತವರಿಗೆ ಕರೆತರುವ ದಿನ ನನಗೆ ಸಂತೋಷವಾಗಲಿಲ್ಲ, ಅಂಜಿಕೆಯಾಯಿತು. ಅವ್ವ ಮುಂಜಾನೆಯಿಂದ ಅಂಗಳ ಸಾರಿಸಿ, ರಂಗೋಲಿ ಹಾಕಿ, ಬಾಗಿಲಿಗೆ ಹತ್ತು ಸಲ ಬಂದು ಹೋದಳು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಜಂಪರಿನ ತೋಳನ್ನು ಎರಡು ಸಲ ತಪ್ಪು ಹೊಲಿದು ಬಿಚ್ಚಿದೆ. ಅವಳು ಅಲ್ಲೇ ಗಂಡನ ಮನೆಯಲ್ಲೇ ಹಡೆಯಲಿ ಎಂದು ನಾನು ಮೊದಲೇ ಹೇಳಿದ್ದೆ. ಅವ್ವ ಅದಕ್ಕೆ ನನ್ನ ಮುಖವನ್ನೇ ನೋಡಿರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಮೂರನೆಯದು, ಆದರೆ ಕೈಗೆ ಬಂದರೆ ಅದೇ ಮೊದಲನೆಯದು. ಮೊದಲ ಹೆರಿಗೆ ತವರಿನಲ್ಲಾಗದಿದ್ದರೆ ಊರ ಮಂದಿ ಏನಂದಾರು, ತಾಯಿ ಸತ್ತಿದ್ದಾಳೇನು ಎಂದು ಕೇಳಲಿಕ್ಕಿಲ್ಲವೇ, ಇದು ಅವ್ವನ ಮಾತು. ಊರ ಮಂದಿಯ ಮಾತಿಗೆ ಬೆಂಕಿ ಬೀಳಲಿ, ನನಗೆ ಆ ಕೂಸು ಬೇಕಾಗಿತ್ತು.

ನಮ್ಮದು ಸಂಶಿಯ ಹತ್ತಿರದ ಊರು, ಎರೆ ಭೂಮಿ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಹೊಲ ಪಾಲಿಗೆ ಕೊಟ್ಟಿದ್ದೇವೆ, ನಮ್ಮ ಪಾಲಿನ ಜೋಳ, ಜವೆ ಗೋಧಿ, ಶೇಂಗಾ ಮನೆಗೆ ಬರುತ್ತವೆ. ನಾನು ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ಪಡಸಾಲೆಯಲ್ಲಿ ಜಂಪರು ಹೊಲಿಯುತ್ತೇನೆ, ಸೀರೆಗೆ ಫಾಲು ಹಚ್ಚುತ್ತೇನೆ. ಅಡುಗೆಮನೆ ಪೂರ್ತಿ ಅವ್ವನದು. ನಾನು ಬಡಿದ ರೊಟ್ಟಿಯನ್ನು ದನ ಕೂಡ ಮೂಸುವುದಿಲ್ಲ ಎಂದು ಅವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಅವ್ವನ ರೊಟ್ಟಿಯೆಂದರೆ ಸುತ್ತಲಿನ ನಾಲ್ಕು ಓಣಿಗೆ ಹೆಸರು. ತೆಳ್ಳಗೆ, ದುಂಡಗೆ, ಅಂಚು ಒಡೆಯದೆ, ಮರುದಿನಕ್ಕೂ ಮೆತ್ತಗೆ. ಮದುವೆ ಮನೆಗಳಿಂದ ಅವಳನ್ನು ಕರೆಯಲು ಬರುತ್ತಿದ್ದರು.

ತಂಗಿ ನನಗಿಂತ ಬಹಳ ಸಣ್ಣವಳು, ನಾನೇ ಟೊಂಕದ ಮೇಲೆ ಹೊತ್ತು ಆಡಿಸಿದ ಹುಡುಗಿ. ಕಲಘಟಗಿ ಕಡೆ ದೇವಿಕೊಪ್ಪಕ್ಕೆ ಕೊಟ್ಟೆವು, ಭತ್ತದ ಗದ್ದೆ ಇರುವ ಮನೆ. ಮದುವೆಯಾದ ಮೊದಲ ವರ್ಷವೇ ಬಸಿರು ನಿಂತು ಮೂರನೇ ತಿಂಗಳಿಗೆ ಹೋಯಿತು. ಇದು ಎಲ್ಲರಿಗೂ ಆಗುವುದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು ಎಲ್ಲರೂ. ಎರಡನೆಯದು ಐದು ತಿಂಗಳು ತುಂಬಿ, ಒಳಗೆ ಮಿಸುಕಾಡಿದ್ದು ಅವಳ ಕೈಗೆ ಗೊತ್ತಾದ ಮೇಲೆ ಹೋಯಿತು. ಆಮೇಲೆ ಅವಳು ಬಹಳ ದಿನ ಮಾತಾಡಲಿಲ್ಲ. ಕೇಳಿದ್ದಕ್ಕೆ ಹ್ಞೂಂ, ಹ್ಞೂಂ ಅಷ್ಟೇ.

ಉಂಡದ್ದು ಅವಳ ಮೈಗೆ ಮೊದಲಿನಿಂದಲೂ ಹತ್ತುತ್ತಿರಲಿಲ್ಲ. ಆಗಾಗ ಹೊಟ್ಟೆ ಕೆಡುತ್ತಿತ್ತು, ಬಾಯಲ್ಲಿ ಹುಣ್ಣು, ಬಾಚಿದರೆ ಕೈತುಂಬ ಕೂದಲು. ನಮ್ಮ ಕಡೆ ಸೊರಗಿದವರಿಗೆ ಏನು ಮಾಡಿ ಉಣಿಸುತ್ತಾರೆ? ಗೋಧಿ ಹುಗ್ಗಿ. ಕುಟ್ಟಿದ ಗೋಧಿಯನ್ನು ಬೆಲ್ಲದಲ್ಲಿ ಬೇಯಿಸಿ ಮೇಲೆ ತುಪ್ಪ ಸುರಿದು, ಗೋಧಿ ತಿಂದರೆ ಮೈಗೆ ಗಟ್ಟಿ ಎನ್ನುತ್ತ ಉಣಿಸುವುದು. ಹುಗ್ಗಿ ಬೇಸರವಾದರೆ ಸಜ್ಜಕ, ಸಜ್ಜಕ ಬೇಸರವಾದರೆ ಮಾದಲಿ. ಎಲ್ಲವೂ ಗೋಧಿಯದೇ, ದೇವಿಕೊಪ್ಪಕ್ಕೂ ಅವ್ವ ಡಬ್ಬಿ ತುಂಬಿ ಕಳಿಸುತ್ತಿದ್ದಳು. ಅವಳು ಸೊರಗಿದಷ್ಟೂ ನಾವು ಗೋಧಿ ಉಣಿಸಿದೆವು, ಗೋಧಿ ಉಣಿಸಿದಷ್ಟೂ ಸೊರಗಿದಳು.

ಹುಬ್ಬಳ್ಳಿಯ ಲೇಡಿ ಡಾಕ್ಟರ್ ಬಾಯಾರು ರಕ್ತ ಪರೀಕ್ಷೆ ಮಾಡಿಸಿ, ಬಾಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದ ಮೇಲೆ ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಸೀಲಿಯಾಕ್ ಎಂದು ಅದರ ಹೆಸರು.

“ಗೋದಿ ಒಳಗ ಒಂದು ಅಂಟು ಇರತೈತ್ರಿ. ಅದು ಹೊಟ್ಟಿಗೆ ಹೋದ್ರ ಇವರ ಮೈ ತಿರುಗಿ ತನ್ನ ಕರುಳನ್ನ ತಾನ ಕೆಡಿಸಿಕೊಳ್ಳತೈತಿ. ಉಂಡಿದ್ದು ಮೈಗೆ ಹತ್ತಂಗಿಲ್ಲ. ತಾಯಿಗೇ ಹತ್ತಲಿಲ್ಲಂದ್ರ ಕೂಸಿಗೆ ಎಲ್ಲಿಂದ ಬರಬೇಕ್ರಿ?”

ಎರಡೂ ಬಸಿರು ಇದರಿಂದಲೇ ಹೋದವು ಎಂದು ಅವರು ಹೇಳಲಿಲ್ಲ, ಇದರಿಂದಲೂ ಹೋಗಿರಬಹುದು ಎಂದರು. ಅವ್ವ ಔಷಧ ಕೇಳಿದಳು. ಔಷಧ ಇಲ್ಲ, ಗೋಧಿ ಬಿಡುವುದೇ ಔಷಧ, ಅದೂ ಜನ್ಮ ಇರುವತನಕ. ಅವ್ವನಿಗೆ ಅದು ಸಮಾಧಾನವಾಗಲಿಲ್ಲ. ಗುಳಿಗೆ ಇಲ್ಲದ ರೋಗವನ್ನು ಅವಳು ಎಲ್ಲಿಯೂ ಕೇಳಿರಲಿಲ್ಲ. ಪೇಟೆಯ ಗೋಧಿ ಕೆಟ್ಟಿದ್ದಿರಬೇಕು, ನಮ್ಮ ಹೊಲದ ಜವೆ ಗೋಧಿ ನಡೆಯುತ್ತದಲ್ಲವೇ ಎಂದು ಕೇಳಿದಳು. ಯಾವ ಗೋಧಿಯೂ ನಡೆಯುವುದಿಲ್ಲ ಎಂದರು. ಚಪಾತಿ, ಪೂರಿ, ಹೋಳಿಗೆ, ರವೆ, ಶಾವಿಗೆ, ಬ್ರೆಡ್ಡು, ಬಿಸ್ಕೀಟು, ಒಂದೂ ಕೂಡದು. ಜೋಳ, ಅಕ್ಕಿ, ಸಜ್ಜೆ, ನವಣೆ ನಡೆಯುತ್ತವೆ. ಜೋಳ ಎಂದದ್ದು ಕೇಳಿ ಅವ್ವನ ಮುಖ ಸ್ವಲ್ಪ ತಿಳಿಯಾಯಿತು. ದಾರಿಯುದ್ದಕ್ಕೂ, ರೊಟ್ಟಿ ಉಣ್ಣಬಹುದಂತಲ್ಲ, ಇನ್ನೇನು ಬೇಕು ಎನ್ನುತ್ತ ಬಂದಳು.

ದೇವಿಕೊಪ್ಪದಲ್ಲಿ ತಂಗಿಗೆ ತೊಂದರೆಯಾಗಲಿಲ್ಲ. ಅದು ಅನ್ನದ ಸೀಮೆ. ಮೂರು ಹೊತ್ತೂ ಅನ್ನ ಇದ್ದರೆ ಅವರಿಗೆ ಗೋಧಿಯ ನೆನಪೇ ಆಗುವುದಿಲ್ಲ. ಅತ್ತೆ ಒಳ್ಳೆಯ ಹೆಂಗಸು, ಹೆಚ್ಚು ಪ್ರಶ್ನೆ ಕೇಳದೆ ಸೊಸೆಯ ಅಡುಗೆಗೆ ಬೇರೆ ಪಾತ್ರೆ ಇಟ್ಟಳು. ಒಂದು ವರ್ಷ ತುಂಬುವುದರೊಳಗೆ ತಂಗಿಯ ಗಲ್ಲ ತುಂಬಿಕೊಂಡವು, ಜಡೆ ದಪ್ಪವಾಯಿತು, ಮೊದಲಿನ ಹಾಗೆ ನನ್ನನ್ನು ಚಾಳಿಸಿ ನಗತೊಡಗಿದಳು. ಆಮೇಲೆ ಮತ್ತೆ ಬಸಿರು ನಿಂತಿತು. ಮೂರನೇ ತಿಂಗಳು ದಾಟಿತು, ಐದನೆಯದೂ ದಾಟಿತು. ಫೋನು ಬಂದಾಗಲೆಲ್ಲ ಹೊಲಿಗೆ ಬಿಟ್ಟು ಓಡುತ್ತಿದ್ದೆ. ಏಳನೆಯದಕ್ಕೆ ಕರೆತಂದು ಇಲ್ಲಿಯೇ ಕುಬಸದ ಕಾರ್ಯ, ಅಂದರೆ ಸೀಮಂತ, ಮಾಡುವುದು ಎಂದು ಅವ್ವ ಗೊತ್ತು ಮಾಡಿದಳು. ಅನ್ನದ ಸೀಮೆಯಿಂದ ಗೋಧಿಯ ಸೀಮೆಗೆ ಅವಳನ್ನು ತರುವುದು ನನಗೆ ಸರಿ ಕಾಣಲಿಲ್ಲ, ಆದರೆ ನನ್ನ ಮಾತು ಯಾರು ಕೇಳಬೇಕು?

ಬರುವ ಮೊದಲು ಮನೆಯನ್ನು ನಾನು ಜಾಲಾಡಿಬಿಟ್ಟೆ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ಬಾಯಾರು ಹೇಳಿದ್ದರು, ಇಂಗಿನ ಡಬ್ಬಿ ತಿಪ್ಪೆಗೆ ಹೋಯಿತು. ಹೊಸ ಹಂಚು, ಹೊಸ ಪರಾತ, ಹೊಸ ಲಟ್ಟಣಿಗೆ ಕೂಡ ತಂದೆ. ರೊಟ್ಟಿಗೆ ಲಟ್ಟಣಿಗೆ ಯಾತಕ್ಕೆ ಹುಚ್ಚಿ ಎಂದು ಅವ್ವ ನಕ್ಕಳು. ಗೋಧಿ ಚೀಲವನ್ನೇ ಮನೆಯಿಂದ ಹೊರಗೆ ಸಾಗಿಸೋಣ ಎಂದೆ. ಅದಕ್ಕೆ ಮಾತ್ರ ಅವ್ವ ಒಪ್ಪಲಿಲ್ಲ. ಬಸುರಿ ಬರುವ ಮನೆಯಿಂದ ಧಾನ್ಯ ಹೊರಗೆ ಹಾಕಬಾರದಂತೆ. ಕಡೆಗೆ ಚೀಲ ಹಿಂದಿನ ಕೋಣೆಗೆ ಹೋಯಿತು, ಬಾಗಿಲು ಮುಚ್ಚಿದೆ.

ಕುಬಸದ ದಿನದ್ದು ಹೇಳಲೇಬೇಕು. ತಂಗಿ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಓಣಿಯ ಹೆಂಗಸರು ಬಯಕೆ ತೀರಿಸಲು ತಾಟು ತಾಟು ತಂದಿದ್ದರು. ಕರಿಗಡಬು, ಶೇಂಗಾ ಹೋಳಿಗೆ, ಎಣ್ಣೆ ಹೋಳಿಗೆ. ನಾನು ಬಾಗಿಲಲ್ಲೇ ನಿಂತು, ಎಲ್ಲವನ್ನೂ ಇಸಿದುಕೊಂಡು, ಆಮೇಲೆ ಉಣ್ಣುತ್ತಾಳೆ ಎನ್ನುತ್ತ ಒಳಗಿಡುತ್ತಿದ್ದೆ. ಬಾಜು ಮನೆಯ ಚಿಗವ್ವ ಮಾತ್ರ ನನ್ನ ಕೈಗೆ ಕೊಡಲಿಲ್ಲ. ಅವಳು ತಂಗಿಗೆ ಹಾಲು ಕುಡಿಸಿ ಬೆಳೆಸಿದ ಹೆಂಗಸು. ನೇರ ಒಳಗೆ ಹೋಗಿ, ಮುಂದೆ ಕೂತು, ಹುಗ್ಗಿಯ ತುತ್ತು ಮಾಡಿ ತಂಗಿಯ ಬಾಯಿಗೆ ಒಡ್ಡಿದಳು. ಒಂದು ತುತ್ತಿಗೆ ಏನಾಗುತ್ತದೆ, ನನ್ನ ಕೈತುತ್ತು ಒಲ್ಲೆ ಅನ್ನುತ್ತೀಯಾ ಎಂದು ಕೇಳಿದಳು. ತಂಗಿ ನನ್ನ ಕಡೆ ನೋಡಿದಳು. ಅವಳ ತುಟಿ ತೆರೆದಿದ್ದವು.

ನಾನು ಹೋಗಿ ಚಿಗವ್ವನ ರಟ್ಟೆ ಹಿಡಿದು ಜಗ್ಗಿದೆ. ಹುಗ್ಗಿ ಹಸಿರು ಸೀರೆಯ ಮೇಲೆ ಬಿತ್ತು. ಬಸುರಿಯ ಬಾಯಿಗೆ ಬಂದ ತುತ್ತನ್ನು ಕಸಿದವಳು ಎಂದು ಯಾರೋ ಹಿಂದೆ ಅಂದರು. ಚಿಗವ್ವ ಕಣ್ಣೀರು ಹಾಕುತ್ತ ಎದ್ದು ಹೋದಳು. ಅವ್ವ ಎಲ್ಲರ ಎದುರಿಗೆ ನನ್ನನ್ನು ಬೈದಳು, ಮಕ್ಕಳಿಲ್ಲದವಳಿಗೆ ಏನು ತಿಳಿಯುತ್ತದೆ ಎಂದೂ ಅಂದಳು. ಅನ್ನಲಿ. ಹುಗ್ಗಿ ಹೊಟ್ಟೆಗೆ ಹೋಗಲಿಲ್ಲವಲ್ಲ, ನನಗೆ ಅಷ್ಟು ಸಾಕಾಗಿತ್ತು. ಇನ್ನು ಗೆದ್ದೆ ಎಂದುಕೊಂಡೆ.

ಬಂದು ತಿಂಗಳು ತುಂಬುವ ಮೊದಲೇ ತಂಗಿಯ ಹೊಟ್ಟೆ ಕೆಟ್ಟಿತು.

ಮೊದಲು ಮಾವಿನಹಣ್ಣಿನ ಮೇಲೆ ಹಾಕಿದೆವು, ಆಮೇಲೆ ನೀರಿನ ಮೇಲೆ. ನೀರು ಕಾಯಿಸಿ ಆರಿಸಿ ಕೊಟ್ಟೆವು. ನಿಲ್ಲಲಿಲ್ಲ. ಒಂದು ದಿನ ಚಟ್ನಿ ಬಾಯಿಗಿಟ್ಟವಳು ಕಣ್ಣಲ್ಲಿ ನೀರು ತಂದುಕೊಂಡು ತಾಟು ಸರಿಸಿದಳು. ಬಾಯಿ ತೆರೆಸಿ ನೋಡಿದೆ. ನಾಲಿಗೆಯ ಅಂಚಿಗೆ, ತುಟಿಯ ಒಳಗೆ, ಬಿಳಿ ಬಿಳಿ ಹುಣ್ಣು. ಆ ಹುಣ್ಣುಗಳ ಗುರುತು ನನಗಿತ್ತು. ಅವಳಿಗೂ ಗುರುತಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಕ್ಕಾ, ನಾನು ಏನೂ ತಿಂದಿಲ್ಲ ಎಂದಳು. ನಾನು ಕೇಳಿರಲೇ ಇಲ್ಲ.

ಹುಬ್ಬಳ್ಳಿಗೆ ಹೋದೆವು. ತೂಕ ಇಳಿದಿತ್ತು, ರಕ್ತ ಕಡಿಮೆಯಾಗಿತ್ತು. ಬಾಯಾರು ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಅದೇ ಜಾಗಕ್ಕೆ ಮತ್ತೆ ಮತ್ತೆ ತಂದು ಅಳೆದರು. ಆ ಪರದೆಯ ಮೇಲೆ ನನಗೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಅವರ ಮುಖ ನೋಡುತ್ತಿದ್ದೆ. ಕೂಸು ಇರಬೇಕಾದಷ್ಟು ಬೆಳೆದಿಲ್ಲ ಎಂದರು. ರಕ್ತವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬಂದ ದಿನ ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು.

“ಇವರ ಹೊಟ್ಟಿಗೆ ಗೋದಿ ಹೊಂಟೈತ್ರಿ. ದಿನಾ ಹೊಂಟೈತಿ. ಎಲ್ಲಿಂದ ಅಂತ ನೀವ ಹುಡುಕಬೇಕು. ನಿಲ್ಲಲಿಲ್ಲಂದ್ರ ನಾವು ಕೂಸಿನ್ನ ಲಗೂನ ತಗೀಬೇಕಾಗತೈತಿ, ಅಷ್ಟ ಸಣ್ಣ ಕೂಸು ಉಳೀತೈತಿ ಅಂತ ನಾ ಖಾತ್ರಿ ಕೊಡಂಗಿಲ್ಲ.”

ಹೊರಗೆ ಬೆಂಚಿನ ಮೇಲೆ ತಂಗಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ರಟ್ಟೆ ಹಿಡಿದು ಎಬ್ಬಿಸಿ ಬಸ್ಸಿಗೆ ಕರೆದುಕೊಂಡು ಬಂದೆ.

ಅಂದಿನಿಂದ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಮನೆಯಲ್ಲಿ ಎಲ್ಲಿಯೋ ವಿಷ ಇದೆ, ಎಲ್ಲಿ ಎಂದು ಗೊತ್ತಿಲ್ಲ. ಹೊಲಿಗೆ ಬಿಟ್ಟು ಅವಳ ತಾಟು ಕಾಯುತ್ತ ಕೂತೆ. ಅವಳು ಉಣ್ಣುತ್ತಿದ್ದದ್ದು ರೊಟ್ಟಿ, ಅನ್ನ, ಪಲ್ಯ, ಮಜ್ಜಿಗೆ. ಅದರಲ್ಲಿ ಗೋಧಿ ಎಲ್ಲಿಂದ ಬರಬೇಕು? ಅವ್ವನನ್ನು ಕೇಳಿದರೆ, ನಾನು ಗೋಧಿಯದು ಏನೂ ಕೊಟ್ಟಿಲ್ಲ ಎಂದಳು. ಓಣಿಯ ಯಾವಳಾದರೂ ಹಿತ್ತಲ ಕಡೆಯಿಂದ ಬಂದು ಕದ್ದು ಉಣಿಸುತ್ತಾಳೇನು ಎಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆ. ತಂಗಿಯ ಮೇಲೂ ಸಂಶಯ ಬಂತು. ಬಸುರಿಯ ಬಯಕೆ, ಬಿಸ್ಕೀಟು ಹೋಳಿಗೆ ಏನಾದರೂ ಬಚ್ಚಿಟ್ಟುಕೊಂಡು ತಿನ್ನುತ್ತಾಳೇನೋ ಎಂದು ಅವಳು ಬಚ್ಚಲಿಗೆ ಹೋದಾಗ ಹಾಸಿಗೆ ಝಾಡಿಸಿದೆ. ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಬಂದು ಹಾಸಿಗೆ ಸರಿಮಾಡಿ ಮಲಗಿದಳು. ಅವಳ ಗಂಡ ಫೋನು ಮಾಡಿ, ನಮ್ಮ ಮನೆಯಲ್ಲಿ ಚೆನ್ನಾಗಿದ್ದಳಲ್ಲರಿ ಎಂದ. ಸಿಟ್ಟಿನಿಂದ ಅಂದದ್ದಲ್ಲ, ಅವನಿಗೂ ಅಂಜಿಕೆ.

ಕಡೆಗೆ ಗಿರಣಿಯ ಮೇಲೆ ಸಂಶಯ ಹೋಯಿತು. ಇದು ಸರಿಯಾದ ಸಂಶಯ ಎನಿಸಿತು. ಒಂದೇ ಕಲ್ಲಿನಲ್ಲಿ ಎಲ್ಲರ ಗೋಧಿಯೂ ಬೀಸುತ್ತಾರೆ, ಹಿಂದಿನವರ ಹಿಟ್ಟು ನಮ್ಮ ಹಿಟ್ಟಿನಲ್ಲಿ ಸೇರುತ್ತದೆ. ಇಷ್ಟು ದಿನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅಂದಿನಿಂದ ಅವ್ವ ಹಸನು ಮಾಡಿ ಕಟ್ಟಿಟ್ಟ ಜೋಳದ ಚೀಲವನ್ನು ನಾನೇ ತಲೆಯ ಮೇಲೆ ಹೊತ್ತು ಒಯ್ಯತೊಡಗಿದೆ. ಗಿರಣಿಯವನಿಗೆ ಹೇಳಿ ಮೊದಲು ಬೇರೆ ಗಂಟಿನ ಜೋಳ ಹಾಕಿಸಿ ಕಲ್ಲು ತೊಳೆದ ಹಾಗೆ ಮಾಡಿಸಿ, ಆ ಹಿಟ್ಟನ್ನು ಎಮ್ಮೆಯ ಕಲಗಚ್ಚಿಗೆ ಹಾಕಿಸುತ್ತಿದ್ದೆ. ಆಮೇಲೆ ನಮ್ಮ ಚೀಲ. ಬೀಸುವತನಕ ಹಿಟ್ಟು ಬೀಳುವ ಬಾಯಿಯ ಹತ್ತಿರವೇ ನಿಂತು, ಹಿಟ್ಟು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ ತರುತ್ತಿದ್ದೆ. ಸರತಿಯಲ್ಲಿದ್ದ ಹೆಂಗಸರು ನಕ್ಕರು. ನಕ್ಕರೆ ನಗಲಿ.

ಆದರೂ ಹುಣ್ಣು ಮಾಯಲಿಲ್ಲ. ತಂಗಿಯ ಕಣ್ಣು ಒಳಗೆ ಹೋದವು, ಹೊಟ್ಟೆಯೊಂದು ಮುಂದೆ, ಕೈಕಾಲು ಕಡ್ಡಿ. ಅವ್ವ ಮುಸುರೆ ತಿಕ್ಕುತ್ತ ಅಳುತ್ತಿದ್ದಳು. ಮಗಳು ಉಣ್ಣಲಿ ಎಂದು ಬಿಸಿ ಬಿಸಿ ರೊಟ್ಟಿ ಬಡಿದು, ಬೆಣ್ಣೆ ಹಚ್ಚಿ, ಚೂರು ಮುರಿದು ತಾನೇ ಬಾಯಿಗಿಡುತ್ತಿದ್ದಳು. ಉಣ್ಣು ನನ್ನವ್ವಾ, ಕೂಸಿನ ಸಲುವಾಗಿ ಉಣ್ಣು. ತಂಗಿ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಹುಣ್ಣಿಗೆ ತಾಗಿ ಉರಿದರೂ ನುಂಗುತ್ತಿದ್ದಳು. ಕೂಸು ಬೆಳೆಯಬೇಕಲ್ಲ.

ಆ ವಾರ ಅಣ್ಣಿಗೇರಿಯಲ್ಲಿ ಅವ್ವನ ಸೋದರತ್ತೆ ತೀರಿಕೊಂಡಳು. ಅವ್ವ ಮಣ್ಣು ಕೊಡಲು ಹೋದಳು, ಒಂದು ರಾತ್ರಿ ಅಲ್ಲೇ ಉಳಿದಳು. ಅಂದೇ ಹಿಟ್ಟು ತೀರಿತು. ನಾನು ಚೀಲದಿಂದ ಜೋಳ ತೆಗೆದು, ಹಸನು ಮಾಡಿ, ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದೆ. ರೊಟ್ಟಿ ಬಡಿಯುವ ಗೋಜಿಗೆ ಹೋಗದೆ ಆ ಹೊತ್ತಿಗೆ ಅನ್ನ ಮಾಡಿದೆ.

ಮರುದಿನ ಮುಂಜಾನೆ ಅವ್ವ ಬಂದು, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಒಲೆಯ ಮುಂದೆ ಕೂತಳು. ಎಸರು ಹಾಕಿ ಹಿಟ್ಟು ನಾದಿ ಬಡಿಯತೊಡಗಿದಳು. ತಂಗಿ ಗೋಡೆಗೆ ಒರಗಿ ಕೂತು ಮೊದಲ ರೊಟ್ಟಿಗೆ ಕಾಯುತ್ತಿದ್ದಳು. ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ರೊಟ್ಟಿ ಅವ್ವನ ಕೈಯಲ್ಲಿ ಒಡೆಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಅಂಚು ಸೀಳಿತು, ಎತ್ತುವಾಗ ನಡುವೆಯೇ ಹರಿದು ಎರಡಾಯಿತು. ಅವ್ವನ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಒಂದು ಚೂರನ್ನು ಹಂಚಿನ ಮೇಲೆ ಬೇಯಿಸಿ ತಂಗಿಯ ತಾಟಿಗೆ ಹಾಕಿ, ಹಿಟ್ಟನ್ನು ಬೆರಳಲ್ಲಿ ಹೊಸೆದು ನೋಡಿದಳು.

“ಈ ಜ್ವಾಳಾ ಯಾರು ಹಸನ ಮಾಡಿದ್ರು?”

“ನಾನ.”

“ಅದಕ್ಕ ಮತ್ತ. ಹ್ವಾದ ವರ್ಷದ ಜ್ವಾಳ ಇದು, ಜಿಗಿ ಎಲ್ಲೈತಿ ಇದಕ್ಕ? ಒಂದ್ ಬೊಗಸಿ ಗೋದಿ ಕೂಡಿಸಿ ಬೀಸಿಸಬೇಕು. ನಾ ಹಂಗ ಮಾಡೂದು.”

ಈಳಿಗೆಯ ಮೇಲೆ ನನ್ನ ಕೈ ನಿಂತಿತು. ಹಳೆಯ ಜೋಳಕ್ಕೆ ಜಿಗಿ ಇರುವುದಿಲ್ಲ, ರೊಟ್ಟಿ ಹಿಡಿದುಕೊಳ್ಳುವುದಿಲ್ಲ, ಅದಕ್ಕೆ ಹೆಂಗಸರು ಏನೇನೋ ಉಪಾಯ ಮಾಡುತ್ತಾರೆ, ಒಬ್ಬಳು ಉದ್ದು ಹಾಕಿದರೆ ಇನ್ನೊಬ್ಬಳು ಗೋಧಿ. ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೈಯ ಹೆಸರು ಹೋಗುತ್ತದೆ. ಅಡುಗೆಮನೆಗೆ ಕಾಲಿಡದ ನನಗೆ ಎಲ್ಲಿಂದ ಗೊತ್ತಾಗಬೇಕು? ಚೀಲದ ಬಾಯಿ ಬಿಚ್ಚಿ ನೋಡದೆ ಅದನ್ನೇ ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಗಿರಣಿಯ ಕಲ್ಲು ತೊಳೆಸುತ್ತಿದ್ದೆ.

ಆಕೆಗೆ ಗೋಧಿ ಕೊಡಬಾರದು ಎಂದು ಡಾಕ್ಟರು ಹೇಳಿರಲಿಲ್ಲವೇ ಎಂದು ಕೇಳಿದೆ. ಅವ್ವ ನನ್ನನ್ನು ಅರ್ಥವಾಗದವಳ ಹಾಗೆ ನೋಡಿದಳು.

“ಗೋದಿ ಎಲ್ಲಿ ಕೊಟ್ಟೇನ್ಬೇ? ರೊಟ್ಟಿ ಕೊಟ್ಟೇನಿ.”

ಸುಳ್ಳು ಹೇಳುವ ಮುಖವಲ್ಲ ಅದು. ಚಪಾತಿ ಗೋಧಿಯದು, ಹುಗ್ಗಿ ಗೋಧಿಯದು, ರೊಟ್ಟಿ ಜೋಳದ್ದು. ರೊಟ್ಟಿಯಲ್ಲಿ ಬಿದ್ದದ್ದು ರೊಟ್ಟಿಯೇ. ಹುಟ್ಟಿದಾಗಿನಿಂದ ಅವಳು ತಿಳಿದುಕೊಂಡದ್ದು ಹಾಗೆ. ಡಾಕ್ಟರು ಹೇಳಿದ್ದನ್ನು ಅವಳು ಒಂದಿಷ್ಟೂ ಮೀರಿರಲಿಲ್ಲ, ಮಗಳ ತಾಟಿಗೆ ಒಂದು ಚೂರು ಚಪಾತಿಯನ್ನೂ ಹಾಕಿರಲಿಲ್ಲ. ಬಾಯಾರು ಬೇಡವೆಂದ ಆ ಅಂಟೇ ನಿನಗೆ ಬೇಕಾಗಿದ್ದ ಜಿಗಿ ಅವ್ವಾ ಎಂದು ನಾನು ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಲಾಗಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ಮುಂದೆ ಹಿಡಿದುಕೊಂಡು ಹಾಗೆಯೇ ಕೂತಳು. ಹಂಚು ಹೊಗೆಯಾಡುತ್ತಿತ್ತು.

ಆಗ ತಂಗಿ ಮಾತಾಡಿದಳು. ಸಿಟ್ಟಿಲ್ಲ, ಅಳುವಿಲ್ಲ, ಬರೀ ಸಣ್ಣ ದನಿ.

“ಅಕ್ಕಾ, ಕೂಸು ನಿನ್ನೆ ಸಂಜಿಯಿಂದ ಒದ್ದಿಲ್ಲ.”

ಯಾರ ಕಾರು ತಂದೆವು, ಯಾರು ನಡೆಸಿದರು, ಈಗ ಸರಿಯಾಗಿ ನೆನಪಿಲ್ಲ. ಹಿಂದಿನ ಸೀಟಿನಲ್ಲಿ ಅವಳು ನಡುವೆ, ಆಚೆ ಈಚೆ ನಾವಿಬ್ಬರು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟಿದ್ದೆ. ರಸ್ತೆಯ ಕುಳಿಗೆ ಕಾರು ಜಿಗಿದಾಗಲೆಲ್ಲ ಅದು ಕೂಸು ಮಿಸುಕಿದ್ದೋ ಕಾರು ಅಲುಗಿದ್ದೋ ತಿಳಿಯುತ್ತಿರಲಿಲ್ಲ. ಅವ್ವನ ಬೆರಳಿಗೆ ಹಿಟ್ಟು ಒಣಗಿ ಅಂಟಿತ್ತು. ಅವಳು ಮಗಳನ್ನು ಮುಟ್ಟಲಿಲ್ಲ. ಕೈಗಳನ್ನು ಕಿಟಕಿಯ ಕಡೆ ಸರಿಸಿಕೊಂಡು, ಶಿವನೇ ಶಿವನೇ ಎನ್ನುತ್ತಿದ್ದಳು. ತಂಗಿ ಒಂದೇ ಮಾತು ಮತ್ತೆ ಮತ್ತೆ ಕೇಳಿದಳು, ಇದೂ ಹೋಯಿತೇನಕ್ಕಾ ಎಂದು. ಇಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನಿರು ಎಂದು ಗದರಿಸಿದೆ.

ದವಾಖಾನೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರ ಹಚ್ಚಿದರು. ಮೊದಲು ಬರೀ ಗರಗರ ಸದ್ದು. ನರ್ಸು ಪಟ್ಟಿ ಸರಿಸಿದಳು, ಮತ್ತೆ ಗರಗರ. ಇನ್ನೊಂದು ಕಡೆ ಸರಿಸಿದಳು. ಆಗ ಬಂತು, ದಡದಡದಡ ಎಂದು, ಓಡುವ ಹಾಗೆ. ತಂಗಿ ಜೋರಾಗಿ ಅತ್ತಳು. ನಾನು ಯಂತ್ರದ ಹತ್ತಿರ ಸರಿದು ಕಿವಿಗೊಟ್ಟು ನಿಂತೆ. ಸಮಾಧಾನದಿಂದಲ್ಲ. ಇದ್ದದ್ದು ಇನ್ನು ಯಾವ ಗಳಿಗೆಯಲ್ಲಾದರೂ ಹೋಗಬಹುದು ಎಂಬುದು ಆ ಸದ್ದು ಕೇಳಿದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು.

ಗೋಧಿ ಎಲ್ಲಿಂದ ಬಂತು ಎಂದು ಬಾಯಾರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವ್ವ, ನಾ ಹಾಕೀನ್ರಿ ಎಂದಳು. ಬಾಯಾರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೊದಲಿನ ಎರಡಕ್ಕೂ ನನ್ನ ಕೈಯೇ ಕಾರಣವೇನ್ರಿ ಎಂದು ಅವ್ವ ಕೇಳಿದಳು. ಆಗ ಯಾರಿಗೂ ಗೊತ್ತಿರಲಿಲ್ಲವಲ್ಲ ತಾಯಿ ಎಂದರು ಅವರು. ಇಲ್ಲ ಎನ್ನಲಿಲ್ಲ. ಅವ್ವ ಅದನ್ನು ಗಮನಿಸಿದಳು.

ತಂಗಿಯನ್ನು ಅಲ್ಲೇ ಇರಿಸಿಕೊಂಡರು. ಗೋಧಿ ನಿಂತ ಮೇಲೆ ಹುಣ್ಣು ಮಾಯತೊಡಗಿದವು, ಹೊಟ್ಟೆ ಹಿಡಿಯಿತು, ಕೂಸು ಒಂದಿಷ್ಟು ತೂಕ ಹಿಡಿಯಿತು. ಆದರೂ ದಿನ ತುಂಬುವ ಮೊದಲೇ ಬಂತು. ಹೆಣ್ಣು. ಅಂಗೈಯಗಲದ ಬೆನ್ನು, ಮುಖ ತುಂಬ ಕಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದರ ಎದೆ ಏರಿಳಿಯುವುದನ್ನು ಎಣಿಸುವುದೊಂದೇ ನಮಗೆ ಕೆಲಸ. ಕಡೆಗೊಂದು ದಿನ ತಾಯಿಯ ಎದೆಗೆ ಹಾಕಿದರು, ಚೀಪಿತು. ಬದುಕಿತು.

ಮನೆಗೆ ಬಂದ ಮೇಲೆ ಅವ್ವ ರೊಟ್ಟಿ ಬಡಿಯಲಿಲ್ಲ. ಮೂವರೂ ಅನ್ನ ಉಂಡೆವು. ಮದುವೆ ಮನೆಯಿಂದ ಕರೆಯಲು ಬಂದವರಿಗೆ ಕೈ ನೋಯುತ್ತದೆ ಎಂದಳು. ಗೋಧಿ ಚೀಲವನ್ನು ಪಾಲಿನವನ ಮನೆಗೆ ತಾನೇ ಹೊರಿಸಿ ಕಳಿಸಿದಳು. ಅವಳಿಗೆ ಏನಾದರೂ ಸಮಾಧಾನದ ಮಾತು ಹೇಳಬೇಕು ಎಂದು ಎಷ್ಟೋ ಸಲ ಬಾಯಿಗೆ ಬಂತು. ನನಗೆ ಹಾಗೆ ಮೆತ್ತಗೆ ಮಾತಾಡಲು ಬರುವುದಿಲ್ಲ.

ಕೂಸು ಕೂರಲು ಕಲಿತು, ನಾವು ಉಣ್ಣುವುದನ್ನು ನೋಡಿ ಬಾಯಿ ಆಡಿಸತೊಡಗಿದಾಗ, ತಂಗಿ ದೇವಿಕೊಪ್ಪಕ್ಕೆ ಹೊರಡುವ ಮೊದಲು ಬಾಯಾರ ಹತ್ತಿರ ಹೋದೆವು. ಅನ್ನದ ಗಂಜಿ, ಬೇಳೆಕಟ್ಟು, ಬಾಳೆಹಣ್ಣು ಎಲ್ಲ ಹೇಳಿ, ಗೋಧಿಯನ್ನೂ ಕೊಡಿರಿ ಎಂದರು. ನನಗೆ ಕೇಳಿದ್ದು ನಿಜವೋ ಸುಳ್ಳೋ ಎನಿಸಿತು. ತಾಯಿಗಿದ್ದದ್ದು ಮಗಳಿಗೂ ಇರಬಹುದು, ಇಲ್ಲದೆಯೂ ಇರಬಹುದು. ಗೋಧಿ ತಿನ್ನದ ಕೂಸಿನ ರಕ್ತದಲ್ಲಿ ಅದು ಕಾಣುವುದಿಲ್ಲ. ಸ್ವಲ್ಪ ಸ್ವಲ್ಪ ತಿನ್ನಿಸುತ್ತ ಹೋಗಬೇಕು, ತೂಕ ನೋಡುತ್ತಿರಬೇಕು, ಇನ್ನಷ್ಟು ದೊಡ್ಡದಾದ ಮೇಲೆ ರಕ್ತ ನೋಡಬೇಕು. ಅಂಜಿ ಮುಚ್ಚಿಡುವುದರಿಂದ ಏನೂ ಆಗುವುದಿಲ್ಲ ಎಂದರು. ಅವರಿಗೇನು, ಹೇಳಿ ಮುಂದಿನವರನ್ನು ಕರೆದರು.

ನಮ್ಮಲ್ಲಿ ಕೂಸಿನ ಮೊದಲ ತುತ್ತು ಅಜ್ಜಿಯ ಕೈಯಿಂದಲೇ ಆಗಬೇಕು. ಗಂಜಿಯ ತುತ್ತನ್ನು ಅವ್ವ ತಿನ್ನಿಸಿದಳು. ಚಪಾತಿಯ ದಿನ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಕೂತುಬಿಟ್ಟಳು. ಕರೆದರೂ ಬರಲಿಲ್ಲ. ತಂಗಿ ಹಿಟ್ಟು ಮುಟ್ಟುವ ಹಾಗಿಲ್ಲ. ಉಳಿದವಳು ನಾನು. ಪೇಟೆಯಿಂದ ಒಂದು ಪುಡಿಕೆ ಗೋಧಿ ಹಿಟ್ಟು ತಂದು, ಬೇರೆ ತಟ್ಟೆಯಲ್ಲಿ ಕಲಸಿ, ಆ ಹೊಸ ಲಟ್ಟಣಿಗೆಯಲ್ಲಿ ಲಟ್ಟಿಸಿದೆ. ಸೊಟ್ಟ ಚಪಾತಿ. ಹಳೆಯ ಹಂಚಿನ ಮೇಲೆ ಅರ್ಧ ಸುಟ್ಟಿತು. ಸುಡದ ಕಡೆಯಿಂದ ಒಂದು ಚೂರು ಮುರಿದು ಬಟ್ಟಲಲ್ಲಿ ಹಾಲು ಹಾಕಿ ಮೆತ್ತಗೆ ಮಾಡಿದೆ.

ತಂಗಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಎರಡೂ ಕೈ ಹಿಡಿದುಕೊಂಡಿದ್ದಳು. ಔಷಧ ಕುಡಿಸುವಾಗ ಹಿಡಿಯುವ ಹಾಗೆ, ಬಿಗಿಯಾಗಿ.

“ಕೊಡಕ್ಕಾ,” ಎಂದಳು. ಮುಖವನ್ನು ಆಚೆ ತಿರುಗಿಸಿಕೊಂಡಿದ್ದಳು.

ಚಮಚೆಯನ್ನು ಬಾಯಿಗಿಟ್ಟೆ. ಕೂಸು ನಾಲಿಗೆಯಿಂದ ಒಂದಿಷ್ಟು ಹೊರಗೆ ತಳ್ಳಿತು, ಮತ್ತೆ ಒಳಗೆ ಎಳೆದುಕೊಂಡಿತು, ನುಂಗಿತು. ಅದರ ಗಂಟಲು ಮೇಲೆ ಕೆಳಗೆ ಆಡಿದ್ದು ನನಗೆ ಕಂಡಿತು. ಇನ್ನು ಹೊರಗೆ ತೆಗೆಯಲು ಬರುವುದಿಲ್ಲ ಎಂದುಕೊಂಡೆ. ಕೂಸು ತುಟಿ ಚಪ್ಪರಿಸಿ ನನ್ನ ಕಡೆ ನೋಡಿ ನಕ್ಕು, ಇನ್ನೂ ಬೇಕು ಎಂದು ಬಾಯಿ ತೆರೆಯಿತು.